ಇಲ್ಲದ ನೆಗಡಿ

"ಅಲ್ಲೇ ನಿಂತ್ಕೊ! ಈ ಹೊಸಿಲು ದಾಟಿದ್ರೆ ನನ್ನ ಹೆಣ ದಾಟಿದ ಹಾಗೆ!"

ಅತ್ತೆ ಬಾಗಿಲಿನ ಎರಡೂ ಪಕ್ಕಕ್ಕೆ ಕೈ ಊರಿ ಅಡ್ಡ ನಿಂತುಬಿಟ್ಟಿದ್ದಳು. ಮೆಟ್ಟಿಲ ಕೆಳಗೆ ಮನೆ ಅಳಿಯ, ಟ್ಯಾಂಕರ್ ಲಾರಿಯ ಡ್ರೈವರ್, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಯಾಕೆ ಬಿಚ್ಚಿದ, ಯಾಕೆ ಕೈಯಲ್ಲಿ ಹಿಡಿದ ಎಂಬುದು ಅವನಿಗೇ ತಿಳಿಯದು. ಪೆಟ್ರೋಲ್ ಬಂಕಿನಲ್ಲಿ ಕೆಟ್ಟುಹೋದ ಎಣ್ಣೆಯನ್ನೆಲ್ಲ ನೆಲದೊಳಗಿನ ಟ್ಯಾಂಕಿನಿಂದ ಮೇಲೆತ್ತಿ ಲಾರಿಗೆ ತುಂಬಿಸಿಕೊಟ್ಟು ಬಂದಿದ್ದ. ಖಾಕಿ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಬೀದಿಯ ಹೆಂಗಸರೆಲ್ಲ ತಂತಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. ಪರರ ಮನೆಯ ಗೋಳು ಕೇಳುವುದೆಂದರೆ ಕೆಲವರಿಗೆ ಒಲೆಯ ಮೇಲಿಟ್ಟದ್ದೂ ಮರೆತುಹೋಗುತ್ತದೆ ನೋಡಿ!

"ಎಷ್ಟು ವರ್ಷ ಕಾದು ನನ್ನ ಮಗಳ ಹೊಟ್ಟೇಲಿ ಒಂದು ಜೀವ ಮೂಡಿತ್ತು! ಅದನ್ನೂ ನುಂಗಿ ನೀರು ಕುಡಿದ್ಯಲ್ಲೋ ಎಣ್ಣೆಡಬ್ಬ! ಡೀಸೆಲ್ ಯಾವುದು, ಪೆಟ್ರೋಲ್ ಯಾವುದು ಅಂತ ತಿಳೀದವನು ಲಾರಿ ಯಾಕೋ ಹತ್ತಿದೆ? ಕತ್ತೆ ಕಾಯೋಕೆ ಹೋಗ್ಬೇಕಿತ್ತು! ನೋಡಿ... ಎಲ್ಲಾ ನೋಡಿ... ಒಂದು ತೊಟ್ಟು ಕಣ್ಣೀರಿದೆಯಾ ಇವನ ಮುಖದಲ್ಲಿ? ಕಲ್ಲು! ಕಲ್ಲು ಬಂಡೆ!"

ಅವಳು ಹೇಳಿದ್ದರಲ್ಲಿ ಆ ಒಂದು ಮಾತು ಸುಳ್ಳಲ್ಲ. ಅವನಿಗೆ ಅಳು ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಡುಮಗುವನ್ನು ತಂದು ಕೈಗೆ ಕೊಟ್ಟಾಗಲೂ ಬಂದಿರಲಿಲ್ಲ. ಮಗು ತಣ್ಣಗಿತ್ತು. ಅದಕ್ಕೆ ದಟ್ಟವಾದ ಕೂದಲಿತ್ತು. ಇಷ್ಟೇ ಅವನಿಗೆ ನೆನಪಿರುವುದು. ಅಲ್ಲಿಂದೀಚೆಗೆ ಯಾರೋ ಹೇಳಿದ ಕಡೆ ನಡೆಯುತ್ತಿದ್ದ, ಕೊಟ್ಟದ್ದನ್ನು ಹಿಡಿಯುತ್ತಿದ್ದ, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದ. ಈಗ ಅತ್ತೆಯ ಬೈಗುಳವೂ ಬೇರೆ ಯಾರದೋ ಮನೆಯ ಜಗಳದಂತೆ ಕಿವಿಯ ಮೇಲೆ ಬಿದ್ದು ಹೋಗುತ್ತಿತ್ತು. ಒಳಕೋಣೆಯಲ್ಲಿ ಮಲಗಿದ್ದ ಹೆಂಡತಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾಳಲ್ಲ ಎಂಬ ಒಂದೇ ಯೋಚನೆ ಅವನಿಗಿತ್ತು. ಅವಳು ಏನೆಂದುಕೊಂಡಾಳು? ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವನ ಕಡೆಗೆ ಮುಖ ತಿರುಗಿಸಿರಲಿಲ್ಲ. ಉಳಿದ ಲೋಕ ಏನಾದರೂ ಅಂದುಕೊಳ್ಳಲಿ, ಅವಳೊಬ್ಬಳು ತಿರುಗಿ ನೋಡಿದರೆ ಸಾಕಿತ್ತು.

ಅಷ್ಟರಲ್ಲಿ ಒಳಗಿನಿಂದ ಭಾವಮೈದ ಓಡಿಬಂದ. ಹೆಂಡತಿಯ ತಮ್ಮ; ಅದೇ ಬಂಕಿನಲ್ಲಿ ಮೇಲ್ವಿಚಾರಕ. "ಅಮ್ಮಾ, ಒಳಗೆ ಬಾ... ಒಂದು ಮಾತಿದೆ, ಬಾ ಅಂದ್ರೆ!" ಎಂದು ತಾಯಿಯ ತೋಳು ಹಿಡಿದು ಎಳೆದುಕೊಂಡು ಹೋದ. ಭಾವನ ಮುಖ ನೋಡಲಿಲ್ಲ. ಬಾಗಿಲು ಮುಚ್ಚಿತು.

ಅಳಿಯ ಮೆಟ್ಟಿಲ ಮೇಲೆ ಕೂತ. ಒಳಗೆ ಏನು ಮಾತು ನಡೆಯುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು.

ಆ ಕೆಲಸದ ಕ್ರಮ ಹೀಗೆ. ಟ್ಯಾಂಕರಿನ ಹೊಟ್ಟೆಯೊಳಗೆ ಬೇರೆಬೇರೆ ಖಾನೆಗಳಿರುತ್ತವೆ. ಒಂದರಲ್ಲಿ ಪೆಟ್ರೋಲ್, ಇನ್ನೊಂದರಲ್ಲಿ ಡೀಸೆಲ್. ಬಂಕಿನ ಅಂಗಳದಲ್ಲಿ ನೆಲದ ಟ್ಯಾಂಕಿಗೆ ಇಳಿಯುವ ಎರಡು ಕೊಳವೆಗಳ ಬಾಯಿ, ಅವುಗಳ ಮೇಲೆ ಎರಡು ಕಬ್ಬಿಣದ ಮುಚ್ಚಳ: ಪೆಟ್ರೋಲಿಗೆ ಕೆಂಪು, ಡೀಸೆಲಿಗೆ ಹಸಿರು. ಡ್ರೈವರನಿಗೆ ಒಂದು ದಿನ ಈ ಬಂಕು, ಮರುದಿನ ಎಲ್ಲೋ ಇನ್ನೊಂದು. ಎಲ್ಲಿ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬಣ್ಣ ನೋಡಬೇಕು, ಮುಚ್ಚಳ ತೆಗೆದು ಬಗ್ಗಿ ಒಂದು ಸಲ ಮೂಸಬೇಕು, ಆಮೇಲೆ ಪೈಪು ಜೋಡಿಸಬೇಕು. ಈ ವಿದ್ಯೆ ಕಲಿಸಿದವನು ಅವನ ಮಾವನೇ, ಈ ಮನೆಯ ಯಜಮಾನ, ಅವನೂ ಟ್ಯಾಂಕರ್ ಓಡಿಸಿಯೇ ಸತ್ತವನು. "ಬಣ್ಣ ಸುಳ್ಳು ಹೇಳಬಹುದು ಕಣಯ್ಯಾ, ಮೂಗು ಹೇಳಲ್ಲ" ಎನ್ನುತ್ತಿದ್ದ. ಮಗಳನ್ನೂ ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದ.

ಆದರೆ ಆ ಮೂಗು ಸತ್ತುಹೋಗಿತ್ತು! ಯಾವಾಗ ಸತ್ತಿತೆಂದು ಅವನಿಗೂ ತಿಳಿಯದು. ದಿನವೂ ಆ ಹಬೆಯಲ್ಲೇ ಉಸಿರಾಡಿ ಉಸಿರಾಡಿ, ಮೊದಲು ಪೆಟ್ರೋಲಿನ ವಾಸನೆ ಹೋಯಿತು, ಆಮೇಲೆ ಸೋಪಿನದು, ಅಡುಗೆಯದು, ಕೊನೆಗೆ ಎಲ್ಲವೂ. ಹೇಳಿಕೊಂಡರೆ ಮರುದಿನವೇ ಲಾರಿಯಿಂದ ಇಳಿಸುತ್ತಾರೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ಮುಚ್ಚಳ ತೆಗೆದು ಶಾಸ್ತ್ರಕ್ಕೆ ಬಗ್ಗಿ ಮೂಸಿದ ಹಾಗೆ ಮಾಡುವುದು, ಮನೆಯಲ್ಲಿ ಊಟಕ್ಕೆ ಕೂತಾಗ "ಆಹಾ, ಘಮಘಮ ಅಂತಿದೆ" ಎನ್ನುವುದು... ಹೀಗೇ ಕಾಲ ತಳ್ಳಿದ. ಬಣ್ಣವೊಂದು ಕಾಪಾಡಿಕೊಂಡು ಬಂದಿತ್ತು.

ಆ ದಿನ ಬಣ್ಣವೂ ಕೈಕೊಟ್ಟಿತು. ಬಂಕಿನ ಮಾಲೀಕರು ಬರುತ್ತಾರೆಂದು ಭಾವಮೈದ ಮುಚ್ಚಳಗಳನ್ನು ಬಿಚ್ಚಿ ಹೊಸ ಬಣ್ಣ ಬಳಿದು ಒಣಗಿಸಿ ಮತ್ತೆ ಹಾಕಿದ್ದ. ಹಾಕುವಾಗ ಅದಲು ಬದಲಾಗಿತ್ತು. ಡ್ರೈವರ್ ಗೋಡೆಯ ಪಕ್ಕದ ಕೊಳವೆಯ ಮೇಲೆ ಹಸಿರು ನೋಡಿದ, ಡೀಸೆಲ್ ಪೈಪು ಜೋಡಿಸಿದ. ಬೇರೆ ಬಂಕಿನಲ್ಲಾದರೆ ಅಲ್ಲಿನವರು ಪಕ್ಕದಲ್ಲೇ ನಿಂತು ತಾವೂ ಪರೀಕ್ಷೆ ಮಾಡುತ್ತಾರೆ, ಅಳತೆಕೋಲು ಇಳಿಸಿ ನೋಡುತ್ತಾರೆ. ಇಲ್ಲಿ? "ಭಾವ ಬಂದಿದ್ದಾರೆ ಅಂದ್ಮೇಲೆ ನಂದೇನು ಪರೀಕ್ಷೆ!" ಎಂದು ಭಾವಮೈದ ನಕ್ಕು ಟೀ ತರಿಸಲು ಹೋಗಿದ್ದ. ಸಂಬಂಧ ನಂಬಿ ಇವನು ಕೆಟ್ಟ, ಸಂಬಂಧ ನಂಬಿ ಅವನೂ ಕೆಟ್ಟ. ಪೆಟ್ರೋಲಿನ ಟ್ಯಾಂಕಿಗೆ ಡೀಸೆಲ್ ಗಳಗಳನೆ ಇಳಿಯಿತು.

ಡ್ರೈವರ್ ಎರಡನೇ ಲೋಡು ತುಂಬಿಸಲು ಕಂಪನಿಯ ಎಣ್ಣೆ ಡಿಪೋ ಸೇರಿದ. ಅಲ್ಲಿ ಗೇಟಿನಲ್ಲೇ ಫೋನು ಕೊಟ್ಟು ಒಳಗೆ ಹೋಗಬೇಕು. ಇತ್ತ ಹೆಂಡತಿಗೆ ನೋವು ಕಾಣಿಸಿಕೊಂಡಿತು. ತಮ್ಮ ಬಾಡಿಗೆ ಕಾರು ತಂದ, ಅಕ್ಕನನ್ನೂ ಅಮ್ಮನನ್ನೂ ಕೂರಿಸಿದ, ದಾರಿಯಲ್ಲಿ ನಿಂತರೆ ಕಷ್ಟ ಎಂದು ತನ್ನದೇ ಬಂಕಿನಲ್ಲಿ ತನ್ನ ಕೈಯಾರೆ ಪೆಟ್ರೋಲ್ ತುಂಬಿಸಿದ. ಊರು ದಾಟಿ ಬಯಲಿಗೆ ಬಂದದ್ದೇ ಕಾರು ಕೆಮ್ಮಿತು, ಹೊಗೆ ಕಾರಿತು, ನಿಂತಿತು. ಹಿಂದೆ ಮುಂದೆ ಇನ್ನೂ ನಾಲ್ಕಾರು ಗಾಡಿಗಳು ಹಾಗೇ ನಿಂತಿದ್ದವು, ಎಲ್ಲ ಅದೇ ಬಂಕಿನ ಎಣ್ಣೆ ಕುಡಿದವು. ಬೇರೆ ಗಾಡಿ ಸಿಕ್ಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮಗು ಹುಟ್ಟಿತು, ಅಳಲಿಲ್ಲ.

ಕೆಟ್ಟ ಎಣ್ಣೆ ಮೇಲೆತ್ತಲು ಹೋದಾಗ ಡ್ರೈವರ್ ಮೊದಲು ನೋಡಿದ್ದು ಮುಚ್ಚಳಗಳನ್ನು. ಗೋಡೆಯ ಪಕ್ಕದಲ್ಲಿ ಈಗ ಕೆಂಪು ಮುಚ್ಚಳವಿತ್ತು! ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಬಣ್ಣ ಇನ್ನೂ ಹೊಸದು, ಕಣ್ಣು ಕುಕ್ಕುವಷ್ಟು ಹೊಸದು. ಭಾವಮೈದ ಆ ಕಡೆ ಮುಖ ಮಾಡಿ ಪೈಪು ಸುತ್ತುತ್ತಿದ್ದ. ಅದಲು ಬದಲು ಮಾಡಿದವನೇ ಸದ್ದಿಲ್ಲದೆ ಸರಿಮಾಡಿದ್ದಾನೆ; ಎಲ್ಲವೂ ತಿಳಿಯಿತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವನು ಪಂಪು ಚಾಲೂ ಮಾಡಿದ.

ಬಾಗಿಲು ತೆರೆಯಿತು.

"ಅಳಿಯಂದ್ರೇ... ಯಾಕೆ ಅಲ್ಲಿ ಕೂತಿದ್ದೀರಿ? ಒಳಗೆ ಬನ್ನಿ. ಕೈಕಾಲು ತೊಳ್ಕೊಳ್ಳಿ."

ಅಳಿಯಂದ್ರು! ಮದುವೆಯಾದ ದಿನದಿಂದ ಎಣ್ಣೆಡಬ್ಬ, ಬಿಟ್ಟರೆ 'ಏಯ್', ಅದೂ ಬಿಟ್ಟರೆ ಗೋಡೆಯ ಕಡೆ ತಿರುಗಿ 'ಕೆಲವರಿಗೆ ಊಟ ಬೇಕಂತೆ'. ಅಂಥವಳ ಬಾಯಲ್ಲಿ ಈ ಬಹುವಚನ! ಗೇಟಿನ ಹತ್ತಿರ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಎದ್ದು ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿದ್ದೇ ತಡ, ಅತ್ತೆ ಅವನ ಕಾಲ ಬಳಿ ಕುಸಿದಳು.

"ಹೊಟ್ಟೆಗೆ ಹಾಕ್ಕೊಳ್ಳಪ್ಪಾ... ನಿನ್ನ ಹೊಟ್ಟೆಗೆ ಹಾಕ್ಕೊ! ಗೊತ್ತಿಲ್ಲದೆ ಮಾಡಿದ್ದಾನೆ. ವಿಚಾರಣೆ ಅಂತೆ, ಕಂಪನಿಯಿಂದ ಸಾಹೇಬರು ಬರ್ತಾರಂತೆ. ಮುಚ್ಚಳದ ವಿಷಯ ಆಚೆ ಬಂದ್ರೆ ಇವನನ್ನ ಜೈಲಿಗೆ ಹಾಕ್ತಾರೆ. ಇವನು ಇನ್ನೂ ಬಾಳಿ ಬದುಕಬೇಕಾದವನು... ನನಗಿರೋದು ಒಂದೇ ಗಂಡು!"

"ಏಳಿ ಅತ್ತೆ."

"ನೀನು ಹೂಂ ಅನ್ನೋವರೆಗೂ ಏಳಲ್ಲ! ಹೇಗಿದ್ರೂ ಪೈಪು ಹಾಕಿದ ಕೈ ನಿಂದೇ ತಾನೆ? ನಾನೇ ತಪ್ಪಿದೆ ಅಂದುಬಿಡು. ನಿನಗೆ ಕೆಲಸ ಹೋಗಬಹುದು, ಅಷ್ಟೇ. ಅವನಿಗೆ ಬದುಕೇ ಹೋಗುತ್ತೆ."

ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೂ ಲೋಕದಲ್ಲಿ ಹೊಸದಲ್ಲ. ಆದರೆ ಬೀದಿಯಲ್ಲಿ ಉಗಿದ ಬಾಯಿ ಒಣಗುವ ಮೊದಲೇ ಕಾಲು ಹಿಡಿಯುವುದಕ್ಕೆ ಎಂಥ ಎದೆ ಬೇಕು! ಭಾವಮೈದ ಮೂಲೆಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಭುಜ ಅಲುಗುತ್ತಿತ್ತು. ಅವನು ಚಿಕ್ಕವನಿದ್ದಾಗ ಲಾರಿಯ ಹಾರನ್ ಕೇಳಿದರೆ ಬೀದಿಯ ತುದಿಯವರೆಗೂ ಓಡಿಬಂದು ಭಾವನ ಹೆಗಲೇರುತ್ತಿದ್ದ. ಬಂಕಿನ ಕೆಲಸ ಕೊಡಿಸಿದ್ದೂ ಭಾವನೇ.

"ಅವಳಿಗೆ?" ಎಂದ ಅಳಿಯ, ಒಳಕೋಣೆಯ ಕಡೆ ಕಣ್ಣು ತೋರಿಸಿ.

"ಅವಳಿಗಂತೂ ಹೇಳಲೇಬೇಡ! ತಮ್ಮ ಅಂದ್ರೆ ಪ್ರಾಣ ಅವಳಿಗೆ. ಹಸಿ ಬಾಣಂತಿ, ಎದೆ ಒಡೆದುಕೊಂಡುಬಿಡ್ತಾಳೆ. ಗಂಡನ ಮೇಲಿನ ಕೋಪ ಇವತ್ತಿದ್ದು ನಾಳೆ ಹೋಗುತ್ತೆ. ಒಡಹುಟ್ಟಿದವನ ಮೇಲಿಂದು ಹೋಗಲ್ಲ."

ಅಂದರೆ ಅವಳ ಕಣ್ಣಿಗೂ ತಾನೇ ಮಗುವನ್ನು ಕೊಂದವನಾಗಿ ಉಳಿಯಬೇಕು. ಕೆಲಸ ಹೋಗುವುದು ಹೋಗಲಿ. ಇದೊಂದನ್ನು ಮಾತ್ರ ಅವನು ಎರಡು ಸಲ ಯೋಚಿಸಿದ. ಯೋಚಿಸಿದನೋ, ಸುಮ್ಮನೆ ಅತ್ತೆಯ ನರೆತ ಬೈತಲೆಯನ್ನು ನೋಡುತ್ತ ನಿಂತಿದ್ದನೋ. ತನ್ನ ಮೂಗು ಸತ್ತದ್ದನ್ನು ಮುಚ್ಚಿಟ್ಟವನು ತಾನೇ ತಾನೆ? ಮುಚ್ಚಳ ಅದಲು ಬದಲಾದರೂ ಜೀವವಿರುವ ಮೂಗು ಹಿಡಿದುಬಿಡುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

"ಆಯ್ತು ಅತ್ತೆ, ಏಳಿ," ಎಂದ.

ವಿಚಾರಣೆ ಮರುದಿನ ಬೆಳಿಗ್ಗೆ ಬಂಕಿನ ಗಾಜಿನ ಕೋಣೆಯಲ್ಲಿ ನಡೆಯಿತು. ಕಂಪನಿಯ ಸಾಹೇಬರು ಕೆಟ್ಟವರಲ್ಲ. ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಬಂಕಿನ ಮಾಲೀಕರು ಮೇಜಿಗೆ ಬೆರಳು ಬಡಿಯುತ್ತ ಕೂತಿದ್ದರು. ಭಾವಮೈದ ಬಾಗಿಲ ಬಳಿ ನಿಂತಿದ್ದ.

"ಮುಚ್ಚಳದ ಬಣ್ಣ ಸರಿಯಾಗಿತ್ತಾ?" ಎಂದು ಸಾಹೇಬರು ಕೇಳಿದರು.

"ಸರಿಯಾಗಿತ್ತು ಸಾರ್."

"ಸರಿಯಾಗಿದ್ರೆ ನಿನ್ನ ಕಣ್ಣು ಎಲ್ಲಿತ್ತಪ್ಪಾ?"

"ಮನೇಲಿ ಹೆರಿಗೆ ದಿನ ಹತ್ರ ಬಂದಿತ್ತು ಸಾರ್. ಮನಸ್ಸು ಅಲ್ಲಿತ್ತು."

ಸಾಹೇಬರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮಗುವಿನ ಸುದ್ದಿ ಅವರಿಗೂ ತಿಳಿದಿತ್ತು. "ಮನಸ್ಸು ಹೋಗ್ಲಿ, ಮೂಗು? ಮುಚ್ಚಳ ತೆಗೆದ ತಕ್ಷಣ ಗಪ್ಪಂತ ಬಡಿಯುತ್ತಲ್ಲಯ್ಯಾ! ಇವತ್ತು ಕೆಲಸಕ್ಕೆ ಸೇರಿದವನಿಗೂ ಗೊತ್ತಾಗುತ್ತೆ. ನಿನಗೆ, ಇಷ್ಟು ವರ್ಷದ ಡ್ರೈವರ್‌ಗೆ, ಗೊತ್ತಾಗಲಿಲ್ವಾ?"

ಮೂಗು ಸತ್ತಿದೆ ಎಂದು ಹೇಳಿಬಿಡಬಹುದಿತ್ತು. ಆದರೆ ಮೂಗಿಲ್ಲದವನು ಬಣ್ಣವನ್ನೇ ನಂಬಬೇಕು. ಬಣ್ಣ ನಂಬಿದವನು ತಪ್ಪಿದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಆಗ ಹೊಸ ಬಣ್ಣದ ಮಾತು ಬರುತ್ತದೆ, ಬಳಿದವನ ಮಾತು ಬರುತ್ತದೆ. ಅವನು ಬಾಗಿಲ ಕಡೆ ನೋಡಿದ. ಭಾವಮೈದನ ತುಟಿ ಅದುರಿತು. ಈಗ ಮಾತಾಡುತ್ತಾನೆ... ಈಗ... "ಭಾವನ ತಪ್ಪಲ್ಲ ಸಾರ್" ಎಂದು ಒಂದು ಮಾತು... ಭಾವಮೈದ ತಲೆ ತಗ್ಗಿಸಿದ.

"ನೆಗಡಿ ಆಗಿತ್ತು ಸಾರ್," ಎಂದ ಡ್ರೈವರ್.

"ನೆಗಡಿಯಾ!"

"ಹೂಂ ಸಾರ್. ಜೋರು ನೆಗಡಿ."

"ನೆಗಡಿ ಅಂತೆ! ಇವನ ನೆಗಡಿಗೆ ನನ್ನ ಬಂಕು ಬೀಗ ಹಾಕ್ಕೊಂಡು ಕೂತಿದೆ!" ಎಂದು ಮಾಲೀಕರು ಮೇಜು ಗುದ್ದಿದರು. ಸಾಹೇಬರು ಮಾತ್ರ ಅವನನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಇನ್ನು ಮುಂದೆ ಯಾವ ಡಿಪೋದ ಗೇಟಿನೊಳಗೂ ಅವನನ್ನು ಬಿಡುವುದಿಲ್ಲವೆಂದೂ, ಅಪಾಯದ ಸರಕು ಸಾಗಿಸುವ ಪರವಾನಗಿ ರದ್ದಾಗುವುದೆಂದೂ ಮೆಲ್ಲಗೆ, ಬೇಜಾರಿನಿಂದಲೇ ಹೇಳಿದರು. ಅವನು ಲಾರಿಯ ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಎಷ್ಟೋ ವರ್ಷ ತೊಡೆಗೆ ತಗುಲುತ್ತಿದ್ದ ಭಾರ ಇಲ್ಲದೆ ನಡೆಯುವುದು ವಿಚಿತ್ರವೆನಿಸಿತು, ಅಷ್ಟೇ. ಹೊರಗೆ ಬಂದಾಗ ಭಾವಮೈದನ ಬೈಕು ಇರಲಿಲ್ಲ. ಅವನು ನಡೆದುಕೊಂಡೇ ಮನೆಗೆ ಹೊರಟ.

ಮನೆಯ ಮುಂದೆ ಬೈಕು ಅಡ್ಡಾದಿಡ್ಡಿ ನಿಂತಿತ್ತು. ನಡುಮನೆಯಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿ ಕೂತಿದ್ದಳು. ಒಳಕೋಣೆಯಿಂದ ಭಾವಮೈದ ಹೊರಗೆ ಬಂದ. ಕಣ್ಣು ಕೆಂಡ, ಮುಖ ಬಾತುಹೋಗಿತ್ತು. ಭಾವನನ್ನು ಕಂಡವನೇ ಕೈಮುಗಿದ, ಏನೋ ಹೇಳಲು ಹೋಗಿ ಹಿತ್ತಲ ಕಡೆ ಓಡಿದ. "ಹೇಳಿಬಿಟ್ಟನಲ್ಲಪ್ಪಾ... ಅವಳ ಹತ್ರ ಎಲ್ಲಾ ಹೇಳಿಬಿಟ್ಟ! ನಾನು ಬಾಯಿ ಮುಚ್ಚಿದ್ರೂ ಬಿಡಲಿಲ್ಲ," ಎಂದು ಅತ್ತೆ ನರಳಿದಳು.

ಅವನು ಕೋಣೆಯೊಳಗೆ ಹೋದ. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಿಟಕಿ ಮುಚ್ಚಿತ್ತು. ಅವನು ಬಾಗಿಲ ಬಳಿಯೇ ನಿಂತ.

"ನೆಗಡಿ ಅಂದ್ರಂತೆ," ಎಂದಳು ಅವಳು. ದನಿಯಲ್ಲಿ ಏನೂ ಇರಲಿಲ್ಲ.

"ಹೂಂ."

"ನಿಮಗೆ ನೆಗಡಿ ಆಗಿದ್ರೆ ಕಷಾಯ ಕಾಯಿಸಬೇಕಾದವಳು ನಾನು. ನನಗೆ ಗೊತ್ತಿಲ್ಲದ ನೆಗಡಿ ಯಾವುದು ರೀ?"

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"ಆವತ್ತು ಅಡುಗೆಮನೇಲಿ ಪಾತ್ರೆ ಸೀದು ತಳ ಕಿತ್ಕೊಂಡು ಹೋಗಿತ್ತು. ನಾನು ಮಹಡಿ ಮೇಲೆ ಬಟ್ಟೆ ಹರಡ್ತಿದ್ದೆ, ನನಗೇ ಅಲ್ಲಿಗೆ ವಾಸನೆ ಬಡೀತು, ಓಡಿಬಂದೆ. ನೀವು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. 'ಏನಾಯ್ತೇ, ಯಾಕೆ ಓಡಿಬಂದೆ?' ಅಂದ್ರಿ. ಆವತ್ತೇ ಗೊತ್ತಾಯ್ತು ನನಗೆ."

"ನಿನಗೆ... ಗೊತ್ತಿತ್ತಾ?"

"ಗೊತ್ತಿತ್ತು. ಆಮೇಲೆ ಬೇಕಂತಲೇ ಪರೀಕ್ಷೆ ಮಾಡ್ದೆ. ತಲೆದಿಂಬಿಗೆ ಅತ್ತರು ಸುರಿದೆ, ಏನಿದು ವಾಸನೆ ಅಂತ ಕೇಳಲಿಲ್ಲ. ಹಳಸಿದ್ದು ಬಡಿಸಿದೆ, ಘಮಘಮ ಅಂದ್ರಿ." ಅವಳು ಉಸಿರು ಎಳೆದುಕೊಂಡಳು. "ನಾನು ಬಾಯಿ ಬಿಡಲಿಲ್ಲ. ಹೇಳಿದ್ರೆ ನಿಮ್ಮನ್ನ ಲಾರಿಯಿಂದ ಇಳಿಸ್ತಾರೆ. ಆ ಲಾರಿ ಇರೋವರೆಗೂ ಅಮ್ಮ ನಿಮಗೆ ಒಂದು ಮಾತಾಡಿದ್ರೆ, ಇಲ್ಲದಿದ್ರೆ ಹತ್ತು ಮಾತಾಡ್ತಾಳೆ. ಗಂಡ ತಲೆ ತಗ್ಗಿಸಬಾರದು ಅಂತ... ಸುಮ್ಮನಿದ್ದೆ. ಆವತ್ತೇ ನಾನು ಹೇಳಿದ್ರೆ, ನೀವು ಆ ದಿನ ಅಲ್ಲಿ ಇರ್ತಾನೇ ಇರಲಿಲ್ಲ. ಮಗು ಇರ್ತಿತ್ತು."

"ಹಾಗನ್ನಬೇಡ ಕಣೇ..."

"ತಮ್ಮ ಬಂದು ಅತ್ತ. ಅವನನ್ನ ಬೈಬೇಕು ಅಂತ ಬಾಯಿ ತೆಗೆದೆ. ನನ್ನದೇ ನೆನಪಾಯ್ತು. ಯಾರಿಗೆ ಅಂತ ಬೈಲಿ ರೀ? ಮೂರು ಜನ ಸೇರಿ ಮಾಡಿದ್ದೀವಿ. ನೀವೊಬ್ಬರೇ ಹೊತ್ಕೊಂಡು ಬಂದ್ರಿ."

ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದಳು. "ಮಗಳೇ, ಯಾರ ಹತ್ರಾನೂ ಆಡಬೇಡಮ್ಮ..." ಎನ್ನುವಷ್ಟರಲ್ಲಿ ಮಗಳು ಮಲಗಿದ್ದಲ್ಲಿಂದಲೇ ತಡೆದಳು.

"ಹೆದರಬೇಡಮ್ಮ. ಯಾರಿಗೂ ಹೇಳಲ್ಲ. ನಿನ್ನ ಮಗ ನಿನಗೆ ಉಳಿದ. ಬಾಗಿಲು ಹಾಕ್ಕೊಂಡು ಹೋಗು."

ಅಷ್ಟು ದೊಡ್ಡ ಬಾಯಿಯ ಹೆಂಗಸು! ಬಾಗಿಲು ಎಳೆದುಕೊಂಡು ಹೋದಳು. ನಡುಮನೆಯಲ್ಲಿ ಅವಳು ಮೆಲ್ಲಗೆ ಕೂರುವ ಸದ್ದು ಕೇಳಿಸಿತು.

ಆಗ ಹೆಂಡತಿ ಈ ಕಡೆ ಹೊರಳಿದಳು. ಇಷ್ಟು ದಿನಗಳ ಮೇಲೆ ಅವನು ಅವಳ ಮುಖ ಕಂಡ. ಅದು ಅತ್ತು ಬಾಡಿದ ಮುಖವಾಗಿರಲಿಲ್ಲ, ಒಣಗಿದ ಮುಖವಾಗಿತ್ತು, ಅವನದರ ಹಾಗೆಯೇ. ಎದೆಯ ಮೇಲೆ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಅವಳು ಸೆರಗಿನಿಂದ ಮುಚ್ಚಲು ಹೋಗಿ, ಬಿಟ್ಟುಬಿಟ್ಟಳು.

"ಹಾಲು ಬರ್ತಿದೆ ರೀ. ಕುಡಿಯೋರು ಇಲ್ಲ ಅಂತ ಅದಕ್ಕೇನು ಗೊತ್ತು? ಬಟ್ಟೆ, ಹಾಸಿಗೆ, ದಿಂಬು... ಕೋಣೆ ತುಂಬಾ ಅದೇ ವಾಸನೆ. ತಡ್ಕೊಳ್ಳೋಕೆ ಆಗ್ತಿಲ್ಲ ನನಗೆ." ಅವಳು ಅವನ ಮುಖವನ್ನೇ ನೋಡಿದಳು. "ನಿಮಗೆ ಗೊತ್ತಾಗ್ತಾನೇ ಇಲ್ಲ, ಅಲ್ವಾ?"

"ಇಲ್ಲ," ಎಂದ ಅವನು.

"ಬನ್ನಿ ಇಲ್ಲಿ."

ಅವಳು ಗೋಡೆಯ ಕಡೆ ಸರಿದು ಜಾಗ ಬಿಟ್ಟಳು. ಅವನು ಹಾಸಿಗೆಯ ಅಂಚಿನಲ್ಲಿ ಕೂತ. ಅವಳು ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ಆ ಒದ್ದೆ ಬಟ್ಟೆಗೆ ಒತ್ತಿಕೊಂಡಳು. ಅದು ಬೆಚ್ಚಗಿತ್ತು. ಅವನು ಕಣ್ಣು ಮುಚ್ಚಿ, ಎದೆ ತುಂಬುವಷ್ಟು, ಪಕ್ಕೆಲುಬು ನೋಯುವಷ್ಟು ಉಸಿರು ಎಳೆದುಕೊಂಡ.

"ಬಂತಾ?"

"ಇಲ್ಲ ಕಣೇ."

"ಇನ್ನೊಂದ್ಸಲ ನೋಡಿ..."

ಅವನು ಮತ್ತೆ ಎಳೆದುಕೊಂಡ. ಏನೂ ಬರಲಿಲ್ಲ.